ಮೂರೆಣಿಕೆ ಮಾವ

ನಮ್ಮೂರ ಮಠದಲ್ಲಿ ಸ್ವಾಮಿಗಳಿಗಿಂತ ದೊಡ್ಡವರೊಬ್ಬರಿದ್ದರು: ದರ್ಶನದ ಸಾಲು ಕಾಯುವವರು. ಮಕ್ಕಳಾದ ನಾವು ಅವರನ್ನು ಮೂರೆಣಿಕೆ ಮಾವ ಎನ್ನುತ್ತಿದ್ದೆವು. ಲೋಕವನ್ನೇ ಬಿಟ್ಟ ಎಳೆ ವಯಸ್ಸಿನ ಸ್ವಾಮಿಗಳು ಸುಮ್ಮನೆ ಕೂತಿದ್ದರೆ, ಏನನ್ನೂ ಬಿಡದ ಮಾವ ಎದೆ ಸೆಟೆಸಿ ಭಕ್ತರನ್ನು ಗದರುತ್ತಿದ್ದರು. ಪೀಠಕ್ಕೆ ಬೆನ್ನು ಮಾಡಿ ನಿಲ್ಲುವ ಧೈರ್ಯ ಊರಿನಲ್ಲಿ ಅವರೊಬ್ಬರಿಗೇ ಇತ್ತು. "ಒಂದು, ಎರಡು, ಮೂರು, ಆಯ್ತು, ನಡೀರಿ!" ಮೋಕ್ಷಕ್ಕೆ ಅಷ್ಟು ಸಾಕೆಂಬುದು ಅವರ ಲೆಕ್ಕ. ಸೊಂಟ ಹಿಡಿದ ಮುದುಕರು ನಮಸ್ಕಾರಕ್ಕೆ ಬಗ್ಗುವಷ್ಟರಲ್ಲಿ ಮೂರು ಮುಗಿದು, ಬಗ್ಗಿದ ಹಾಗೇ ಹೊರಗೆ ಬರುತ್ತಿದ್ದರು. ಮೇಷ್ಟ್ರು ಒಮ್ಮೆ, "ಒಂದು ಕಷ್ಟ ಹೇಳ್ಕೋಬೇಕಿತ್ತು" ಎಂದದ್ದಕ್ಕೆ, "ಸಾಲಲ್ಲೇ ಹೇಳ್ಕೊಂಡು ಬರ್ಬೇಕಿತ್ತು ಮೇಷ್ಟ್ರೇ, ಇಲ್ಲಿ ಬರೀ ಕೈ ಮುಗಿಯೋದು" ಎಂದರು. ಇಂಥ ನ್ಯಾಯವಂತರಿಗೆ ಮಠಕ್ಕೆ ಹೂ ಕಟ್ಟುವ ಹೆಂಗಸಿನ ಸರದಿ ಬಂದಾಗ ಮಾತ್ರ ದಿನವೂ ಎಣಿಕೆ ಮರೆತುಹೋಗುತ್ತಿತ್ತು. "ಒಂದು... ಎರಡು..." ಎಂದು ಕೆಮ್ಮಿ, ಮತ್ತೆ ಒಂದರಿಂದ ಶುರು ಮಾಡುತ್ತಿದ್ದರು. ಹಿಂದಿನವರು ಗೊಣಗಿದರೆ, "ಆಯಮ್ಮಂಗೆ ಕಣ್ಣು ಮಂಜು ಕಣ್ರೀ, ಕಾಣೋಕೆ ಹೊತ್ತಾಗುತ್ತೆ" ಎನ್ನುತ್ತಿದ್ದರು. ಅದೇ ಹೆಂಗಸು ಜಗಲಿಯಲ್ಲಿ ಕೂತು ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸುವುದನ್ನು ನಾವು ನೋಡಿದ್ದೆವು. ಮಾವ ಎಂಥ ಸುಳ್ಳುಗಾರ ಎಂದು ಅಮ್ಮನಿಗೆ ಹೇಳಿ ನಕ್ಕೆ. ಅಮ್ಮ ನಗಲಿಲ್ಲ. "ಅವರಿಬ್ರೂ ಗಂಡ ಹೆಂಡ್ತಿ ಕಣೋ. ಸ್ವಾಮಿಗಳು ಅವರ ಮಗ. ಎಂಟನೇ ವರ್ಷಕ್ಕೆ ಮಠಕ್ಕೆ ಕೊಟ್ರು. ಕೊಟ್ಟ ಮೇಲೆ ಮಗ ಅನ್ನೋ ಹಾಗಿಲ್ಲ." ಮರುದಿನ ನಾನೂ ಸಾಲಿನಲ್ಲಿ ನಿಂತೆ. ಆಕೆ ಕಣ್ತುಂಬ ನೋಡುತ್ತಿದ್ದರು. ಮಾವ ಮತ್ತೆ ಒಂದರಿಂದ ಎಣಿಸುತ್ತಿದ್ದರು, ಪೀಠಕ್ಕೆ ಬೆನ್ನು ಮಾಡಿಕೊಂಡೇ.