ಮೇಲಕ್ಕೆ ಬಂದ ಶಾವಿಗೆ

ಹಳೇಬೀಡಿನ ನನ್ನ ದೊಡ್ಡಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಮೂಳೆ ಕೂಡಿಕೊಂಡಿತು, ಆದರೆ ಸೊಟ್ಟಗೆ ಕೂಡಿಕೊಂಡಿತು. ಆ ಕೈಯಲ್ಲಿ ಅನ್ನ ಕಲಸಬಹುದಿತ್ತು, ಬೈಯುವಾಗ ಬೀಸಬಹುದಿತ್ತು. ತಿರುಗಿಸುವ ಕೆಲಸ ಮಾತ್ರ ಆಗುತ್ತಿರಲಿಲ್ಲ. ಮನೆಯಲ್ಲಿದ್ದದ್ದು ಹಿಡಿ ತಿರುಗಿಸಿ ಒತ್ತುವ ಹಿತ್ತಾಳೆಯ ಶಾವಿಗೆ ಒರಳು. ಅಲ್ಲಿಯವರೆಗೂ ಆ ಬೀದಿಯಲ್ಲಿ ಯಾರ ಮನೆಗೆ ಬೀಗರು ಬಂದರೂ ಶಾವಿಗೆ ಒತ್ತಲು ಕರೆಯುತ್ತಿದ್ದದ್ದು ದೊಡ್ಡಮ್ಮನನ್ನು. ಈಗ ಅವಳ ಸೊಸೆಯನ್ನು, ಅಂದರೆ ನನ್ನ ಅತ್ತಿಗೆಯನ್ನು ಕರೆಯತೊಡಗಿದ್ದರು. ದೊಡ್ಡಮ್ಮ ಜೊತೆಗೆ ಹೋಗಿ ಪಕ್ಕದಲ್ಲಿ ಕೂರುತ್ತಿದ್ದಳು.

"ಅದೇನೇ ಅದು, ಹೂವು ಕಟ್ತಿದ್ದೀಯ? ಬಿರ್ರನೆ ಒತ್ತು, ಹಿಟ್ಟು ಆರೋಗ್ತೈತೆ."

"ಬಿರ್ರನೆ ಒತ್ತಿದ್ರೆ ಮುದ್ದೆ ಆಯ್ತು ಅಂತೀರ, ಮೆಲ್ಲಗೆ ಒತ್ತಿದ್ರೆ ಆರೋಯ್ತು ಅಂತೀರ. ನನ್ನ ಬಿಟ್ಬುಟ್ಟು ಹಿಟ್ಟನ್ನೇ ಬೈಯ್ರಿ ಅತ್ತೆ."

ಇವರಿಬ್ಬರ ಜಗಳವನ್ನು ಇವರೆದುರೇ ಮಾಡಿ ತೋರಿಸುವುದು ನನ್ನ ಕಸುಬು. ಅತ್ತಿಗೆಯ ರಾಗ ಎಳೆಯುವ ದನಿ, ದೊಡ್ಡಮ್ಮನ ಸೊಟ್ಟ ಕೈಯ ಬೀಸು, ಎರಡೂ ನನಗೆ ಲೀಲಾಜಾಲ. ಒಂದು ದಿನ ಮನೆಯಲ್ಲಿ ಹಾಗೆ ಮಾಡಿ ತೋರಿಸಿದಾಗ ಇಬ್ಬರೂ ನಕ್ಕರು. ನಕ್ಕು ಮುಗಿದ ಮೇಲೆ ದೊಡ್ಡಮ್ಮ ಅಟ್ಟದ ಕಡೆ ನೋಡಿದಳು. ಅಲ್ಲಿ ಅವಳ ಅತ್ತೆಯ ಕಾಲದ ಮರದ ಒರಳು ಇತ್ತು. ದಪ್ಪ ಮಣೆಯಲ್ಲಿ ದುಂಡನೆಯ ತೂತು, ತೂತಿನ ತಳಕ್ಕೆ ಜರಡಿ, ಮೇಲಿನಿಂದ ಇಳಿಯುವ ಒಂದು ಗೂಟ, ಗೂಟವನ್ನು ಅದುಮಲು ಉದ್ದನೆಯ ತೊಲೆ. ತಿರುಗಿಸುವುದು ಏನೂ ಇಲ್ಲ. ತೊಲೆಯ ತುದಿಯ ಮೇಲೆ ಕೂತರೆ ಸಾಕು, ಶಾವಿಗೆ ಇಳಿಯುತ್ತದೆ. ಆದರೆ ಗೂಟವನ್ನು ಗೆದ್ದಲು ತಿಂದಿತ್ತು. ಕೇಳಿದ ಬಡಗಿಗಳೆಲ್ಲ ಸ್ಟೀಲಿನದು ತಗೊಳ್ಳಿ ಎಂದಿದ್ದರು.

"ನಾನು ಮಾಡ್ಕೊಡ್ತೀನಿ ದೊಡ್ಡಮ್ಮ," ಎಂದೆ.

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇದು ಯಾವ ಬಡಗಿ ಆಚಾರ್ರ ಥರ ಆಡಿದ್ದು? ಚೆಂದಾಗೈತೆ, ಇನ್ನೊಂದ್ಸಲ ಆಡ್ಲಾ."

ನಾನು ನಿಜ ಹೇಳಿದ್ದೆ. ಎಲ್ಲರ ಥರವೂ ಮಾತಾಡಬಲ್ಲವನಿಗೆ ಇರುವ ಕಷ್ಟ ಇದು: ತನ್ನ ಥರ ಮಾತಾಡಿದರೆ ಯಾರಿಗೂ ಗುರುತು ಸಿಗುವುದಿಲ್ಲ.

ಆಗ ನಾನು ಡಿಗ್ರಿ ಮುಗಿಸಿ ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ಒಂದು ಸೈಬರ್ ಕೆಫೆ ನೋಡಿಕೊಳ್ಳುತ್ತಿದ್ದೆ. ನೋಡಿಕೊಳ್ಳುವುದೆಂದರೆ, ಕರೆಂಟು ಹೋದಾಗ ಬೈಸಿಕೊಳ್ಳುವುದು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಒಂದು ಸಿ.ಡಿ. ಸ್ಟ್ಯಾಂಡು ಮಾಡಲು ಹೊರಟು, ಅದು ಒಂದೇ ಕಡೆ ವಾಲಿ, ಯಾಕೆ ವಾಲಿತು ಎಂದು ಇಂಟರ್ನೆಟ್ಟಿನಲ್ಲಿ ಹುಡುಕುತ್ತಾ ಮರಗೆಲಸದವರ ಒಂದು ಫೋರಮ್ಮಿಗೆ ಹೋಗಿ ಬಿದ್ದಿದ್ದೆ. ಲೋಕದ ಎಲ್ಲೆಲ್ಲಿನವರೋ ಅಲ್ಲಿ ಕೂಡಿ ಉಳಿ ಮಸೆಯುವ ಬಗ್ಗೆ ಪುಟಗಟ್ಟಲೆ ಜಗಳವಾಡುತ್ತಿದ್ದರು. ಅದರಲ್ಲಿ ಇಬ್ಬರನ್ನು ನಾನು ಹೆಚ್ಚು ಓದುತ್ತಿದ್ದೆ. ಒಬ್ಬರು ಚಳಿ ದೇಶದ ನಿವೃತ್ತ ಮೇಷ್ಟ್ರು. ಏನು ಕೇಳಿದರೂ ಮೊದಲು ಮೂರು ಪ್ಯಾರಾ ಬರೆಯುತ್ತಿದ್ದರು. ಇನ್ನೊಬ್ಬ ದೋಣಿ ರಿಪೇರಿ ಮಾಡುವವನು. ಒಂದು ಸಾಲಿಗಿಂತ ಹೆಚ್ಚು ಬರೆದರೆ ಬೆರಳು ಸವೆಯುತ್ತದೆ ಎಂಬಂತೆ ಇರುತ್ತಿದ್ದ. ಇಬ್ಬರ ದನಿಯನ್ನೂ ನಾನು ಕೇಳಿರಲಿಲ್ಲ. ಮಿಮಿಕ್ರಿ ಮಾಡುವವನಿಗೆ ಇದಕ್ಕಿಂತ ಅವಮಾನ ಇಲ್ಲ. ಹಾಗಾಗಿ ಮೇಷ್ಟ್ರಿಗೆ ನಮ್ಮ ಹೈಸ್ಕೂಲು ಹೆಡ್‌ಮಾಸ್ಟರ ಮೂಗಿನ ದನಿ ಕೊಟ್ಟೆ. ದೋಣಿಯವನಿಗೆ ಗಂಡಸಿಗೆ ಹೋಗುವ ಬಸ್ಸಿನ ಕಂಡಕ್ಟರನ ದನಿ: "ಮುಂದಕ್ ನಡೀರಿ, ಮುಂದಕ್ ನಡೀರಿ."

ಗೂಟದ ವಿಷಯ ಅವರನ್ನು ಕೇಳಲಿಲ್ಲ. ಹಳೆಯ ಚರ್ಚೆಗಳಲ್ಲಿ ಲೇತ್ ಯಂತ್ರವಿಲ್ಲದೆ ಮರವನ್ನು ದುಂಡಗೆ ಮಾಡುವ ಬಗೆ ಇತ್ತು: ಚೌಕದ ಮೂಲೆ ಹೊಡೆದು ಎಂಟು ಮುಖ ಮಾಡು, ಆ ಮೂಲೆಗಳನ್ನೂ ಹೊಡೆ, ಕೊನೆಗೆ ಅರದಿಂದ ಉಜ್ಜು. ಇಷ್ಟು ಸಾಕೆಂದುಕೊಂಡೆ. ದೊಡ್ಡಮ್ಮನ ಹೊಲದ ಬದುವಿನಲ್ಲಿ ಹುಣಸೆ ಕೊಂಬೆಯೊಂದನ್ನು ಆಗತಾನೇ ಕಡಿಸಿದ್ದರು. ಗಟ್ಟಿ ಮರ. ಅರ್ಧ ತಂದು ಅರಸೀಕೆರೆಯ ನಮ್ಮ ಮನೆಯ ಹಿತ್ತಲಲ್ಲಿ ಕೂತು, ಕೈ ಬೊಬ್ಬೆ ಬರುವಷ್ಟು ಉಜ್ಜಿ, ಹಳೆಯ ಗೂಟದ ಅಳತೆಗೆ ತದ್ರೂಪು ಇಳಿಸಿದೆ. ಜಾವಗಲ್ ಮೇಲೆ ಹೋಗುವ ಬಸ್ಸಿನಲ್ಲಿ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋಗಿ, ಅಟ್ಟ ಹತ್ತಿ ಒರಳಿನ ತೂತಿಗೆ ಬಿಟ್ಟು ನೋಡಿದೆ. ಮೆಲ್ಲಗೆ ಜಾರಿ ಇಳಿಯಬೇಕು, ಸುತ್ತ ಬೆಳಕು ಕಾಣಬಾರದು, ಹಾಗಿತ್ತು. ಕೊಟ್ಟು ಬಂದೆ.

ಒರಳನ್ನು ಇಳಿಸಿ ಒತ್ತುವ ದಿನ ಬರುವಷ್ಟರಲ್ಲಿ ವಾರಗಳು ಕಳೆದಿದ್ದವು. ಹಗರೆಯಿಂದ ಅತ್ತಿಗೆಯ ತವರಿನವರು ಬಂದಿದ್ದರು. ಕಾಯಿಹಾಲು ಬೆಲ್ಲ ಹಾಕಿ ತಯಾರಾಗಿತ್ತು. ಬಿಸಿ ಬಿಸಿ ಹಿಟ್ಟಿನ ಮುದ್ದೆಯನ್ನು ತೂತಿಗೆ ತುಂಬಿ, ಗೂಟ ಇಟ್ಟು, ದೊಡ್ಡಮ್ಮ ಸೆರಗು ಸಿಕ್ಕಿಸಿ ತೊಲೆಯ ಮೇಲೆ ಕೂತಳು. ಜರಡಿಯಿಂದ ನಾಲ್ಕು ಎಳೆ ಇಳಿಯಿತು. ಉಳಿದದ್ದೆಲ್ಲ ಗೂಟದ ಎರಡೂ ಪಕ್ಕದಿಂದ ಪಟ್ಟಿ ಪಟ್ಟಿಯಾಗಿ ಮೇಲಕ್ಕೆ ಬಂತು. ಬಂದು, ತೊಲೆಯನ್ನು ಹತ್ತಿ, ಅವಳ ಸೀರೆಗೆ ಮೆತ್ತಿಕೊಂಡಿತು.

"ಇದೇನ್ಲಾ ಇದು? ಒರಳು ವಾಂತಿ ಮಾಡ್ತೈತೆ!"

ಬೀಗರು ನಕ್ಕರು. ನಾನೂ ಒರಳು ವಾಂತಿ ಮಾಡುವ ಸದ್ದು ಮಾಡಿ ಇನ್ನಷ್ಟು ನಗಿಸಿದೆ, ಅದು ಅಭ್ಯಾಸ. ಆದರೆ ದೊಡ್ಡಮ್ಮ ಎದ್ದು ಸೀರೆ ಬದಲಿಸಲು ಹೋದವಳು ಬೇಗ ಬರಲಿಲ್ಲ. ಅತ್ತಿಗೆ ಹಿತ್ತಾಳೆ ಒರಳು ತಂದು ಉಳಿದ ಹಿಟ್ಟು ಒತ್ತಿದಳು. ದೊಡ್ಡಮ್ಮ ಬಂದು ಎಂದಿನಂತೆ ಪಕ್ಕದಲ್ಲಿ ಕೂತಳು. ಅವತ್ತು ಒಂದು ತಪ್ಪನ್ನೂ ಹುಡುಕಲಿಲ್ಲ. ಅದನ್ನು ನನಗೆ ಸಹಿಸಲಾಗಲಿಲ್ಲ.

ಗೂಟವನ್ನು ಎತ್ತಿಕೊಂಡು ಅರಸೀಕೆರೆಗೆ ಬಂದವನು ಫೋರಮ್ಮಿನಲ್ಲಿ ನಡೆದದ್ದನ್ನೆಲ್ಲ ಬರೆದೆ. ನನ್ನ ಇಂಗ್ಲಿಷು ಆ ಗೂಟದ ಹಾಗೇ ಇತ್ತು, ಹೊರಗೆ ನುಣುಪು, ಪಕ್ಕದಿಂದ ಸೋರುತ್ತಿತ್ತು. ಯಾರೂ ನಗಲಿಲ್ಲ. ಇದು ನನಗೆ ಬೆರಗಿನ ವಿಷಯ. ನಾನು ಊರಿನ ಕೋಡಂಗಿ ಎಂಬುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬರೆದದ್ದನ್ನು ಬರೆದ ಹಾಗೇ ನಂಬಿದರು. ಶಾವಿಗೆ ಎಂದರೆ ಏನೆಂದು ಮೇಷ್ಟ್ರು ವಿವರವಾಗಿ ಕೇಳಿ ತಿಳಿದುಕೊಂಡರು. ದೋಣಿಯವನು ಒಂದೇ ಸಾಲು ಬರೆದ: ಗೂಟವನ್ನು ಎರಡು ದಿಕ್ಕಿನಲ್ಲಿ ಅಳೆದು ನೋಡು.

ಅಳೆದೆ. ಒಂದು ಕಡೆ ಸರಿಯಿತ್ತು, ಅಡ್ಡಕ್ಕೆ ಕಡಿಮೆಯಿತ್ತು. ದುಂಡಗಿದ್ದದ್ದು ಮೊಟ್ಟೆಯಾಗಿತ್ತು.

ಮರ ಹಸಿಯಿತ್ತು, ಅಷ್ಟೆ. ಒಣಗುತ್ತಾ ಎಲ್ಲ ಕಡೆ ಒಂದೇ ಸಮ ಕುಗ್ಗುವುದಿಲ್ಲವಂತೆ. ಮರದೊಳಗಿನ ವರ್ಷ ವರ್ಷದ ಬಳೆಗಳ ಗುಂಟ ಹೆಚ್ಚು, ಬಳೆಗಳನ್ನು ಹಾಯುವ ದಿಕ್ಕಿಗೆ ಕಡಿಮೆ. ಮೇಷ್ಟ್ರು ಚಿತ್ರ ಬರೆದು ತೋರಿಸಿದರು. ಆಮೇಲೆ, ತಾವು ಹೊಸದರಲ್ಲಿ ಹಸಿ ಮರದಲ್ಲಿ ಮಾಡಿದ ಬಟ್ಟಲು ಸೀಳಿ ಎರಡಾದ ಕತೆಯನ್ನು ಫೋಟೋ ಸಮೇತ ಹಾಕಿದರು. ಅದನ್ನು ನೋಡಿ ಇನ್ನೊಬ್ಬ ತನ್ನ ಸೊಟ್ಟ ಕುರ್ಚಿ ಹಾಕಿದ, ಮತ್ತೊಬ್ಬ ಮುಚ್ಚಲಾಗದ ಪೆಟ್ಟಿಗೆ. ಕೆಟ್ಟ ಸಾಮಾನುಗಳ ಜಾತ್ರೆಯೇ ನೆರೆಯಿತು. ನಮ್ಮ ಕಡೆ ಕೆಟ್ಟ ಕೆಲಸವನ್ನು ಒಲೆಗೆ ಹಾಕುತ್ತಾರೆ, ಬಂದವರಿಗೆ ತೋರಿಸುವುದಿಲ್ಲ.

ನಾನು ಆ ಫೋರಮ್ಮಿನ ಬಗ್ಗೆ ಈಗಲೂ ಯೋಚಿಸುವುದುಂಟು. ಕಸುಬನ್ನು ಪಕ್ಕದಲ್ಲಿ ನಿಂತು ನೋಡಿ ಕಲಿಯಬೇಕು ಎನ್ನುತ್ತಾರೆ, ಸರಿಯೇ. ನೋಡಿ ಕಲಿಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಒಬ್ಬರು ಒಮ್ಮೆ ಕೆಮ್ಮಿದರೆ ಸಾಕು, ಕೆಮ್ಮು ನನ್ನದಾಗುತ್ತದೆ. ಆ ಗೂಟವನ್ನೂ ಹಾಗೇ ಮಾಡಿದ್ದೆ. ಹೊರಗಿನದೆಲ್ಲ ತದ್ರೂಪು, ಒಳಗಿನ ನೀರು ಮಾತ್ರ ನೆನಪಿಗೆ ಬಂದಿರಲಿಲ್ಲ. ಫೋರಮ್ಮಿನಲ್ಲಿ ಯಾರ ಕೈಯೂ ಯಾರಿಗೂ ಕಾಣುವುದಿಲ್ಲ. ಹಾಗಾಗಿ ಪ್ರತಿಯೊಂದನ್ನೂ ಬಾಯಿಬಿಟ್ಟು ಹೇಳಬೇಕು, ಯಾಕೆ ಎಂದು ಕೇಳಿದರೆ ಯಾಕೆಂದೂ ಹೇಳಬೇಕು. ಬಡಗಿಯ ಎದುರು ಹತ್ತು ಸಲ ಯಾಕೆ ಎಂದರೆ ಅವನು ಉಳಿ ತೋರಿಸುತ್ತಾನೆ.

ಕೊಂಬೆಯ ಉಳಿದರ್ಧ ಹಳೇಬೀಡಿನಲ್ಲೇ ಬಿದ್ದಿತ್ತು. ಅದನ್ನು ಹೋಗಿ ತಂದೆ. ಎರಡೂ ತುದಿಗೆ ಮೇಣದಬತ್ತಿ ಕರಗಿಸಿ ಬಳಿದೆ. ತುದಿಯಿಂದ ಬೇಗ ಒಣಗಿದರೆ ಸೀಳುತ್ತದಂತೆ. ಬಿಸಿಲು ಬೀಳದ, ಗಾಳಿಯಾಡುವ ಜಾಗದಲ್ಲಿಡು ಎಂದರು. ನಮ್ಮ ಅಟ್ಟದಲ್ಲಿ ಕೊಬ್ಬರಿಗೆಂದು ಕಾಯಿ ಹಾಕಿದ್ದರು, ಅವುಗಳ ನಡುವೆ ಇಟ್ಟೆ. ಆಗಾಗ ತೂಗು, ತೂಕ ಇಳಿಯುವುದು ನಿಂತಾಗ ಒಣಗಿದೆ ಎಂದು ತಿಳಿ, ಇದು ದೋಣಿಯವನ ಮಾತು. ಕೆಫೆಯ ಎದುರಿನ ಕೊಬ್ಬರಿ ಮಂಡಿಗೆ ಹೋಗಿ ಸಾಹುಕಾರರ ತಕ್ಕಡಿಯಲ್ಲಿ ತೂಗಿಸತೊಡಗಿದೆ.

"ಏನಪ್ಪಾ, ಮಗ ಮತ್ತೆ ಇಳ್ದೋಗವ್ನೆ? ಮನೇಲಿ ಊಟ ಸರ್ಯಾಗ್ ಹಾಕ್ತಿಲ್ವಾ?"

"ಸಾಹುಕಾರ್ರೇ, ಒಣಗ್ತಾ ಐತೆ."

"ನಾವು ಕಾಯಿ ಅಲ್ಲಾಡಿಸಿ ಕೇಳ್ತೀವಿ ಕಣಪ್ಪ. ನೀರಿನ ಸದ್ದು ನಿಂತು ಕೊಬ್ಬರಿ ಗಡಗಡ ಅಂದ್ರೆ ಆಯ್ತು ಅಂತ. ನಿನ್ ಮರ ಬಾಯಿ ಬಿಡಲ್ವಲ್ಲ, ತೂಗ್ಲೇಬೇಕು."

ಈ ಮಾತನ್ನು ಫೋರಮ್ಮಿಗೆ ಬರೆದೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟು, ಒಳಗಿನ ನೀರು ತಾನಾಗಿ ಆರುವತನಕ ಒಡೆಯದೆ ಕಾಯುವ ಜನ ಇದ್ದಾರೆಂದು ಅವರಿಗೆ ಸಂಭ್ರಮ. ಮೇಷ್ಟ್ರು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದರು, ನಾನು ಮಂಡಿಗೆ ಓಡಿ ಓಡಿ ಉತ್ತರ ತಂದೆ. ಒಂದು ಮಾತು ಮಾತ್ರ ಕೂಡಲಿಲ್ಲ. ಗೂಟಕ್ಕೆ ಕೊಬ್ಬರಿ ಎಣ್ಣೆ ಸವರಬೇಡ, ಮುಗ್ಗಲು ಹಿಡಿಯುತ್ತದೆ ಎಂದರು. ದೊಡ್ಡಮ್ಮ, "ಶಾವಿಗೆ ತಿನ್ನೋದು ಕಾಯಾಲಲ್ಲಿ, ಗೂಟಕ್ಕೆ ಇನ್ನೇನ್ ಸೀಮೆಎಣ್ಣೆ ಹಾಕ್ತಾರಾ?" ಎಂದಳು. ಒತ್ತಿದ ಮೇಲೆಲ್ಲ ಬಿಸಿನೀರಲ್ಲಿ ತೊಳೆದಿಡುತ್ತೇವೆ ಎಂದು ನಾನು ಬರೆದ ಮೇಲೆ ಅವರೂ ಒಪ್ಪಿದರು.

ಬೇಸಿಗೆ ಕಳೆಯುವ ಹೊತ್ತಿಗೆ ತಕ್ಕಡಿ ಮುಳ್ಳು ನಿಂತಲ್ಲೇ ನಿಂತಿತು. ಮತ್ತೆ ಎಂಟು ಮುಖ, ಮತ್ತೆ ಅರ. ಈ ಸಲ ಬಿಸಿ ಹಿಟ್ಟಿಗೆ ತುಸು ಉಬ್ಬಲಿ ಎಂದು ಕೂದಲೆಳೆಯಷ್ಟು ಸಡಿಲ ಬಿಟ್ಟೆ.

ಹಳೇಬೀಡಿನಲ್ಲಿ ಈ ಬಾರಿ ಬೀಗರನ್ನು ಕರೆಯಲಿಲ್ಲ. ದೊಡ್ಡಮ್ಮ ಹಳೇ ಸೀರೆ ಉಟ್ಟು ಬಂದಳು. ಸೊಟ್ಟ ಕೈಯನ್ನು ಮಡಿಲಲ್ಲಿಟ್ಟು ತೊಲೆಯ ತುದಿಯ ಮೇಲೆ ಮೆಲ್ಲಗೆ ಭಾರ ಬಿಟ್ಟಳು. ಶಾವಿಗೆ ಜಡೆಯಂತೆ ತಟ್ಟೆಗೆ ಇಳಿಯಿತು. ಮೇಲಕ್ಕೆ ಒಂದು ಎಳೆಯೂ ಬರಲಿಲ್ಲ. ಈ ಸಲ ನಾನು ಒರಳಿನ ಸದ್ದು ಮಾಡಲಿಲ್ಲ. ಎರಡನೇ ತಟ್ಟೆ ತುಂಬುವಾಗ ಅವಳು ಬಾಯಿ ತೆರೆದಳು: "ಏನೇ ನೋಡ್ತಾ ನಿಂತೆ? ತಟ್ಟೆ ತಿರುಗ್ಸು, ಒಂದೇ ಕಡೆ ಗುಡ್ಡೆ ಬೀಳ್ತೈತೆ." ಅತ್ತಿಗೆ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿ ತಟ್ಟೆ ತಿರುಗಿಸಿದಳು.

ಗೆಳೆಯನ ಮೊಬೈಲು ಕೇಳಿ ತಂದಿದ್ದೆ. ಫೋಟೋ ತೆಗೆದು ಫೋರಮ್ಮಿಗೆ ಹಾಕಿದೆ. ಮೇಷ್ಟ್ರು ಮೂರು ಪ್ಯಾರಾ ಹಿಗ್ಗಿದರು. ದೋಣಿಯವನು ಒಂದು ಸಾಲು: ತೊಲೆಯನ್ನು ಇನ್ನೊಂದು ಗೇಣು ಉದ್ದ ಮಾಡು, ಆಕೆ ಅಷ್ಟು ಭಾರ ಹಾಕಬೇಕಾಗುವುದಿಲ್ಲ. ಮುಂದಿನ ಸಲ ಹೋದಾಗ ಅದನ್ನು ದೊಡ್ಡಮ್ಮನಿಗೆ ಹೇಳಿದೆ.

"ಇನ್ನೂ ಉದ್ದ ಮಾಡಿದ್ರೆ ನಾನು ಬೀದೀಲಿ ಕೂತು ಒತ್ತಬೇಕಾಯ್ತದೆ. ದೇವ್ರು ಇಷ್ಟು ಭಾರ ಕೊಟ್ಟಿರಾದು ಇನ್ಯಾಕಂತೆ? ಕೇಳ್ಲಾ ಅವ್ನನ್ನ."

ಅದನ್ನು ಇಂಗ್ಲಿಷಿಗೆ ತಿರುಗಿಸಲು ಗೂಟ ಮಾಡಿದ್ದಕ್ಕಿಂತ ಹೆಚ್ಚು ಒದ್ದಾಡಿದೆ. ಅವಳ ದನಿ ಇಲ್ಲದೆ ಅದು ಅರ್ಧವೂ ಆಗದು ಎನಿಸಿತು. ಆದರೂ ಕಳಿಸಿದೆ. ಮಾರನೆಯ ದಿನ ದೋಣಿಯವನ ಉತ್ತರ ಬಂದಿತ್ತು: ಹಾಗಾದರೆ ತೊಲೆಯ ಅಳತೆ ಸರಿಯಿದೆ, ಮುಟ್ಟಬೇಡ.