ಕೀಲೆಣ್ಣೆ ಬೇಡವೆಂದ ಜೀಪು

ಗೆಳತಿಯರೇ, ಇವತ್ತು ಎಲ್ಲಮ್ಮನ ದರ್ಶನ ಮುಗಿಸಿ ನಾವು ಆರು ಹೆಂಗಸರು ಬಾಡಿಗೆ ಜೀಪಿನಲ್ಲಿ ಗುಡ್ಡ ಇಳಿಯುತ್ತಿದ್ದಾಗ ಮುಂದಿನ ಗಾಲಿ ಕರಕರ ಎನ್ನತೊಡಗಿತು. ಡ್ರೈವರ್ ಬಸಣ್ಣ ಗಾಡಿ ನಿಲ್ಲಿಸಿ ಬಗ್ಗಿ ನೋಡಿದ. ಮನೆಯ ಎತ್ತಿನ ಚಕ್ಕಡಿ ಹೀಗೆ ಕರಕರ ಒದರಿದರೆ ಕೀಲೆಣ್ಣೆ ಹಾಕುವವಳು ನಾನೇ. ದೀಪಕ್ಕೆ ಒಯ್ದು ಉಳಿದಿದ್ದ ಎಣ್ಣೆಯನ್ನು ಗಾಲಿಯೊಳಗೆ ಸುರಿಯಲು ಹೋದೆ. ಬಸಣ್ಣ ಗಪ್ಪನೆ ನನ್ನ ಕೈ ಹಿಡಿದ.

“ಯವ್ವಾ, ಇದು ಚಕ್ಕಡಿ ಅಲ್ಲ! ಎಣ್ಣಿ ಬಿದ್ರ ಬ್ರೇಕ್ ಹಿಡಿಯೂದಿಲ್ಲ. ಎಲ್ಲಾರೂ ಸೀದಾ ಕೈಲಾಸಕ್ಕ ಹೋಗ್ತೇವಿ.”

“ಒದರೂ ಗಾಲಿಗೆ ಎಣ್ಣಿ ಬ್ಯಾಡಂದ್ರ ತುಪ್ಪಾ ಹಾಕ್ಬೇಕೇನೋ?” ಎಂದೆ ಸಿಟ್ಟಿನಿಂದ.

“ಬ್ರೇಕ್ ತುಳದಾಗ ಅಷ್ಟ ಒದರತೈತಿ ನೋಡ್ರಿ. ಒಳಗಿನ ಬ್ರೇಕ್ ಪಟ್ಟಿ ಸವದು, ಕಬ್ಬಿಣಕ್ಕ ಕಬ್ಬಿಣ ತಿಕ್ಕಾಕ ಹತ್ತೈತಿ. ಇಳೀರಿ, ನಡ್ಕೊಂತ ಬರ್ರಿ.”

ಖಾಲಿ ಜೀಪನ್ನು ಮೊದಲ ಗೇರಿನಲ್ಲೇ ಮೆಲ್ಲಗೆ ಇಳಿಸಿದ. ಗುಡ್ಡದ ಕೆಳಗಿನ ಉಗರಗೋಳದ ಗ್ಯಾರೇಜಿನಲ್ಲಿ ಗಾಲಿ ಬಿಚ್ಚಿಸಿ ತೋರಿಸಿದ. ಅವನು ಹೇಳಿದ್ದೇ ನಿಜ, ಪಟ್ಟಿ ಪೂರ್ತಿ ಸವೆದುಹೋಗಿತ್ತು. ಅಲ್ಲೇ ಅವನಿಗೆ ಕೈ ಮುಗಿದೆ.

“ಒಳ್ಳೆಯ ಬುದ್ಧಿ ಕೊಡು ತಾಯಿ” ಎಂದು ಬೆಳಿಗ್ಗೆ ಬೇಡಿಕೊಂಡವಳು ನಾನು. ತಾಯಿ ಕೊಟ್ಟಳು, ಬಸಣ್ಣನಿಗೆ. ಸರಿಯಾದವನಿಗೇ ಕೊಟ್ಟಳು ಬಿಡಿ, ಸ್ಟೀರಿಂಗ್ ಅವನ ಕೈಯಲ್ಲೇ ಇತ್ತಲ್ಲ.