ಮಾಣಿಕಮ್ಮನ ದೊಡ್ಡ ಪತ್ರಿ

ನಮ್ಮ ಓಣಿಯ ಮಾಣಿಕಮ್ಮನಿಗೆ ಗೊತ್ತಿಲ್ಲದ ಗಿಡ ಬಸವಕಲ್ಯಾಣದಲ್ಲಿ ಇರಲಿಲ್ಲ. ಇದ್ದರೂ ಆಕೆ ಒಪ್ಪುತ್ತಿರಲಿಲ್ಲ. ಯಾರ ಮನೆಗೆ ಹೋದರೂ ಚಹಾ ಬರುವುದರೊಳಗೆ ಅವರ ಅಂಗಳದ ಗಿಡಗಳ ಹೆಸರು, ಗುಣ, ನೆಟ್ಟವರು ಮಾಡಿದ ತಪ್ಪು ಎಲ್ಲವನ್ನೂ ಹೇಳಿ ಮುಗಿಸುತ್ತಿದ್ದಳು.

ತೊಂಬತ್ತೆಂಟರಲ್ಲಿ ಮಗಳು ವಿದ್ಯಾವತಿಯನ್ನು ಹುಮನಾಬಾದಿಗೆ ಕೊಟ್ಟರು. ಮರುವರ್ಷ ಬೇಸಿಗೆಯಲ್ಲಿ ಮಗಳನ್ನು ನೋಡಿಕೊಂಡು ಹೊರಟಾಗ ಬೀಗತಿ ಚಂದ್ರಭಾಗಾಬಾಯಿ ಬಸ್ ಸ್ಟ್ಯಾಂಡಿನ ತನಕ ಬಂದು, ಒದ್ದೆ ಗೋಣಿಯಲ್ಲಿ ಸುತ್ತಿದ ಗಿಡವೊಂದನ್ನು ಕೈಗಿಟ್ಟಳು. ಹೇಗೆ ನೆಡಬೇಕೆಂದು ಹೇಳಹೋದರೆ, ತನಗೂ ಗಿಡದ ಪಾಠವೇ ಎಂದು ನಕ್ಕು ಮಾಣಿಕಮ್ಮ ಬಸ್ಸು ಹತ್ತಿದಳು. ಮನೆಗೆ ಬಂದು ಬಿಚ್ಚಿದರೆ ಹೆಬ್ಬೆರಳು ಗಾತ್ರದ ಕಡ್ಡಿ. ಅದಕ್ಕೆ ಸುತ್ತಿದ್ದ ಬಳ್ಳಿ ಬಾಡಿ ದಾರದಂತಾಗಿತ್ತು. ಹೊಲದ ಮಂದಿ ಹಗ್ಗವಿಲ್ಲದಾಗ ಬಳ್ಳಿಯಲ್ಲೇ ಕಟ್ಟುವುದುಂಟು. ಆಕೆ ಬಳ್ಳಿಯನ್ನು ತಿಪ್ಪೆಗೆಸೆದು ಕಡ್ಡಿ ನೆಟ್ಟಳು.

ಬೀಗರು ಕೊಟ್ಟ ಗಿಡ ಒಣಗಿದರೆ ಮಗಳ ಸಂಸಾರಕ್ಕೆ ಒಳ್ಳೆಯದಲ್ಲ ಎಂಬುದು ಆಕೆಯ ನಂಬಿಕೆ. ವಿದ್ಯಾವತಿ ಆಗ ಬಸುರಿ ಬೇರೆ. ನೀರಿನ ಅಭಾವಕ್ಕೆ ಗಂಡ ಮಹಾರುದ್ರಪ್ಪನ ಸ್ನಾನ ತಪ್ಪಿತು, ಕಡ್ಡಿಯ ಸ್ನಾನ ತಪ್ಪಲಿಲ್ಲ. ಮಳೆ ಬಿದ್ದದ್ದೇ ಅದು ಚಿಗುರಿತು. ತೊಟ್ಟಿಗೆ ಮೂರು ಎಲೆ, ಕಾಂಡಕ್ಕೆ ಮುಳ್ಳು, ಆದರೆ ಎಲೆ ಮಾತ್ರ ಅಂಗೈ ಅಗಲ. ಇಂಥದನ್ನು ಮಾಣಿಕಮ್ಮ ಕಂಡಿರಲಿಲ್ಲ. ಹೆಸರೇನೆಂದು ಬೀಗತಿಯನ್ನು ಕೇಳಿದರೆ ಮರ್ಯಾದೆ ಉಳಿಯುತ್ತದೆಯೇ?

ದಿನಾ ಲಿಂಗಕ್ಕೆ ಬಿಲ್ವಪತ್ರಿ ಏರಿಸುವವಳಿಗೆ ಮೂರೆಲೆ ಕಂಡರೆ ಹೊಳೆಯುವುದು ಒಂದೇ. ಇದು ದೊಡ್ಡ ಪತ್ರಿ ಎಂದು ಸಾರಿಬಿಟ್ಟಳು. ಪತ್ರಿಯ ವಾಸನೆಯೇ ಇಲ್ಲವಲ್ಲ ಎಂದ ಗಂಡನಿಗೆ, ನಶ್ಯ ಏರಿಸುವ ಮೂಗು ಈ ಮಾತು ಆಡಬಾರದು ಎಂದಳು. ಪಕ್ಕದ ಮನೆಯ ಕುಲ್ಸುಮ್ ಬೀ, ತನ್ನ ಆಡು ಗೋಡೆಗೆ ಕಾಲು ಕೊಟ್ಟು ಈ ಎಲೆಯನ್ನೇ ಮೇಯುತ್ತದೆ, ತವರೂರಿನ ಬೇಲಿಯಲ್ಲಿ ಇಂಥದೇ ಗಿಡ ಇತ್ತು ಎಂದಳು. ಆಡಿಗೂ ಪುಣ್ಯ ಬರಲಿ ಎಂದು ಮಾಣಿಕಮ್ಮ ಒಳಗೆ ಹೋದಳು. ಶ್ರಾವಣ ಸೋಮವಾರ ಓಣಿಯ ಹೆಂಗಸರು ಎಲೆಗಾಗಿ ಸಾಲುಗಟ್ಟಿದರು. ಒಂದು ಎಲೆ ಏರಿಸಿದರೆ ಸಾಕು, ಅಂಗೈಯ ಲಿಂಗವೇ ಮುಚ್ಚಿಹೋಗುತ್ತಿತ್ತು.

ವಿದ್ಯಾವತಿ ತವರಲ್ಲಿ ಹೆಣ್ಣು ಹೆತ್ತಳು. ತೊಟ್ಟಿಲ ಕಾರ್ಯಕ್ಕೆ ಚಂದ್ರಭಾಗಾಬಾಯಿ ಬಂದದ್ದು ಕಾರ್ತಿಕ ಸೋಮವಾರ. ಅಂಗಳದಲ್ಲಿ ಹೆಂಗಸರು ಎಲೆಗೆ ಕೈಯೊಡ್ಡಿ ನಿಂತಿದ್ದರು. ನೀವು ಕೊಟ್ಟ ದೊಡ್ಡ ಪತ್ರಿ ಇದೇ ಎಂದು ಮಾಣಿಕಮ್ಮ ಹೆಮ್ಮೆಯಿಂದ ತೋರಿಸಿದಳು. ಬೀಗತಿ ಗಿಡ ನೋಡಿದಳು, ಹೆಂಗಸರನ್ನು ನೋಡಿದಳು.

“ಹೌದ್ರಿ, ಭಾಳ ಚೊಲೋ ಬಂದದ” ಎಂದಳು.

ಅಡುಗೆಮನೆಗೆ ಬಂದ ಮೇಲೆ ಬಾಗಿಲು ಮುಂದೆ ಮಾಡಿ ಮೆಲ್ಲಗೆ ಹೇಳಿದಳು: “ಬೀಗತ್ಯಾರ, ಸಿಟ್ಟಾಗಬ್ಯಾಡ್ರಿ. ನಾ ಕೊಟ್ಟದ್ದು ಮಲ್ಲಿಗಿ ಬಳ್ಳಿ. ಬಸ್ಸಿನಾಗ ಮುರೀಬಾರದಂತ ನಮ್ಮ ಬೇಲಿ ಹಾಲವಾಣದ ಕಡ್ಡಿ ಆಸರಕ್ಕ ಕಟ್ಟಿದ್ದೆ.”

ಸಾರು ತಿರುವುತ್ತಿದ್ದ ಮಾಣಿಕಮ್ಮ ಸೌಟು ಹಿಡಿದೇ ಬೀಗತಿಯ ಕಡೆ ತಿರುಗಿದಳು. ಓಣಿಯೆಲ್ಲ ಬೇಲಿಯ ಸೊಪ್ಪನ್ನು ಪೂಜೆಗೆ ಏರಿಸಿದ್ದು ಆಕೆಗೆ ಆಗ ನೆನಪಾಗಲಿಲ್ಲ.

“ಅಂದ್ರ ನೀವು ಕೊಟ್ಟ ಬಳ್ಳಿ ನಾನೇ ಒಣಗಿಸಿದೆ. ನನ್ನ ಮಗಳಿಗಿ ಏನರ ಆದ್ರ?” ಎನ್ನುತ್ತ ಅತ್ತೇಬಿಟ್ಟಳು.

“ಬೇಲಿ ಗೂಟ ಚಿಗಿಸಿದ ಕೈ ನಿಮ್ದು. ಆ ಕೈಯಾಗ ಬೆಳದಾಕಿ ನಮ್ಮ ಮನಿಗಿ ಬಂದಾಳ. ನನಗ ಇನ್ನೇನು ಬೇಕ್ರಿ?” ಎಂದು ಚಂದ್ರಭಾಗಾಬಾಯಿ ಆಕೆಯ ಕೈಯಿಂದ ಸೌಟು ತೆಗೆದುಕೊಂಡು ತಾನೇ ಸಾರು ತಿರುವಿದಳು.

ಇಬ್ಬರೂ ಓಣಿಗೆ ಏನೂ ಹೇಳಲಿಲ್ಲ. ನನಗೆ ಹೇಳಿದವನು ಬಾಗಿಲಾಚೆ ಕೂತು ಕೇಳಿಸಿಕೊಂಡಿದ್ದ ಮಹಾರುದ್ರಪ್ಪ; ತನ್ನ ಮೂಗಿಗೆ ಆದ ಅವಮಾನ ಆತ ಮರೆತಿರಲಿಲ್ಲ.

ಮುಂದಿನ ಸಲ ಬರುವಾಗ ಬೀಗತಿ ಮತ್ತೆ ಮಲ್ಲಿಗೆ ಬಳ್ಳಿ ತಂದಳು, ಕಬ್ಬಿಣದ ಸರಳಿಗೆ ಕಟ್ಟಿ.